ಕೆಂಪು ಮೆಟ್ಟಿಲಿನಲ್ಲಿ ಸಿಕ್ಕಿದ್ದು

ಅಂಥಾ ದೊಡ್ಡ ಕಷ್ಟವೇನೂ ನನಗಿರಲಿಲ್ಲ. ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದ ಮೇಲೆ, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುವ ಅಭ್ಯಾಸ, ಅಷ್ಟೆ. ಅವ್ವ ತೀರಿಕೊಂಡ ವರ್ಷ ಅದು ಶುರುವಾಗಿತ್ತು. ಮೊದಲು ಒಂದು ಸಲ, ಆಮೇಲೆ ಎರಡು ಸಲ, ಕೊನೆಕೊನೆಗೆ ದಿನಕ್ಕೆ ಏಳೆಂಟು ಸಲ. ನನ್ನ ಹೊಲಿಗೆ ಅಂಗಡಿ ತೆರೆಯುವುದೇ ಹನ್ನೊಂದು ಗಂಟೆಯಾಗತೊಡಗಿದಾಗ ನನ್ನ ಗಂಡ ಗುರುಪಾದ, "ಕಸ್ತೂರಿ, ಒಮ್ಮೆ ಕೆಂಪು ಪಾವಟಿಗಿಗೆ ಹೋಗಿ ಬಾ. ಎಷ್ಟಂತ ಬೀಗ ಜಗ್ಗತಿ?" ಎಂದ. ನಮ್ಮೂರಿನಲ್ಲಿ ಮೆಟ್ಟಿಲಿಗೆ ಪಾವಟಿಗಿ ಅನ್ನುತ್ತಾರೆ.

ಊರಿನ ಬೆನ್ನಿಗೇ ಗುಡ್ಡ. ಅದರ ನೆತ್ತಿಯಲ್ಲಿ ಬಿಸಿನೀರು ಕುದಿಯುತ್ತ ಹುಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ಆ ಮೆಟ್ಟಿಲುಗಳನ್ನು ಯಾರೂ ಕಟ್ಟಿದ್ದಲ್ಲ. ನೀರೇ ತನ್ನ ಕೆನೆಯನ್ನು ಅಂಚಿಗೆ ಬಿಡುತ್ತ ಬಿಡುತ್ತ, ಅದು ಕಲ್ಲಾಗುತ್ತ ಬೆಳೆದದ್ದು. ಒಂದೊಂದೂ ಅಂಚು ಎತ್ತಿದ ಪರಾತದ ತಟ್ಟೆಯ ಹಾಗಿದ್ದು ತುಂಬ ನೀರು ಹಿಡಿದುಕೊಂಡಿದೆ. ಮೇಲಿನದು ಗಟ್ಟಿ ಮೊಸರಿನಷ್ಟು ಬಿಳಿ, ಅದರ ಕೆಳಗೆ ಅರಿಶಿನ, ಆಮೇಲೆ ಪಾಚಿ ಹಸಿರು, ಎಲ್ಲಕ್ಕಿಂತ ಕೆಳಗೆ ತುಕ್ಕು ಹಿಡಿದ ತಗಡಿನಂಥ ಕೆಂಪು. ಬಿಳಿಯದರಲ್ಲಿ ಕೀಲುನೋವು ಬಿಡುತ್ತಾರೆ, ಹಳದಿಯಲ್ಲಿ ಹೊಟ್ಟೆಯದು, ಹಸಿರಿನಲ್ಲಿ ಚರ್ಮದ್ದು. ಕೆಂಪಿನಲ್ಲಿ ಬಿಡುವುದು ಮನಸ್ಸಿನೊಳಗಿನದನ್ನು. ನೀರಿನಲ್ಲಿ ಕೂತು ಎದ್ದರೆ ನಿಮ್ಮದೊಂದು ಅಲ್ಲಿ ಉಳಿಯುತ್ತದೆ, ಹಿಂದೆ ಯಾರೋ ಬಿಟ್ಟು ಹೋದದ್ದೊಂದು ನಿಮ್ಮ ಜೊತೆಗೆ ಮನೆಗೆ ಬರುತ್ತದೆ. ನಮ್ಮ ಮಾವ ಆರು ವರ್ಷ ಅಂಚೆ ಮಾಸ್ತರರ ಮಂಡಿನೋವು ಇಟ್ಟುಕೊಂಡಿದ್ದರು. "ನಂದಕ್ಕಿಂತ ಇದು ಸಂಭಾವಿತ ಮಂಡಿ. ಮುಂಜಾನಿ ಅಷ್ಟ ನೋಯತೈತಿ" ಅನ್ನುತ್ತಿದ್ದರು. ಬಿಟ್ಟವರು ಬಂದು ಕೇಳಿದರೆ ತಿರುಗಿ ಕೊಡಬೇಕು, ಊರಿನಲ್ಲಿ ಇರುವುದು ಅದೊಂದೇ ಕಾಯಿದೆ. ಕೊಡುವವರು ಮೊದಲು ನೀರಿಗಿಳಿಯಬೇಕು, ತಕ್ಷಣ ಅವರ ಹಿಂದೆ ತೆಗೆದುಕೊಳ್ಳುವವರು ಇಳಿಯಬೇಕು.

ಒಂದು ಮಂಗಳವಾರ ಬೆಳಿಗ್ಗೆ ನಾನು ಇಳಿದೆ. ಕೆಂಪು ಮೆಟ್ಟಿಲಿನ ಸುತ್ತ ಮರೆಗೆ ಚಾಪೆ ಕಟ್ಟಿರುತ್ತಾರೆ. ಅಲ್ಲಿ ಒಣ ಬಟ್ಟೆ ಕೊಡಲು ಕೂತಿರುವ ಬಾಳಕ್ಕ ನಮ್ಮ ಕಡೆ ಬೆನ್ನು ಮಾಡಿಯೇ ಕೂತಿರುತ್ತಾಳೆ, ಯಾರು ಬಂದರು ಯಾರು ಹೋದರು ನೋಡುವುದಿಲ್ಲ. ಗಾಳಿಗೆ ಬೆಂಕಿಕಡ್ಡಿ ಗೀರಿದ ವಾಸನೆಯಿತ್ತು. ನೀರು ಎದೆಮಟ್ಟ ಬಂದಾಗ ಮೈ ಸಡಿಲಾಗಿ ನಿದ್ದೆ ಬಂದ ಹಾಗಾಯಿತು. ಎದ್ದು ಬಟ್ಟೆ ಉಟ್ಟು ಮನೆಗೆ ಬಂದೆ. ಬೀಗ ತೆಗೆದೆ, ಅಡುಗೆ ಮಾಡಿದೆ, ಬೀಗ ಹಾಕಿದೆ, ಅಂಗಡಿಗೆ ಹೋದೆ. ತಿರುವಿನಲ್ಲಿ ಕಾಲು ನಿಲ್ಲಲಿಲ್ಲ. ಇಷ್ಟು ಸುಲಭವಿದ್ದರೆ ಮೊದಲೇ ಹೋಗಬಹುದಿತ್ತಲ್ಲ ಎಂದುಕೊಂಡೆ.

ನಾಲ್ಕೂಕಾಲಿಗೆ ಬಸ್ಸಿನ ಹಾರ್ನ್ ಕೇಳಿಸಿತು. ನನ್ನ ಅಂಗಡಿ ಬಸ್ ನಿಲ್ದಾಣದ ಸಾಲಿನಲ್ಲೇ ಇದೆ, ಇಪ್ಪತ್ತು ವರ್ಷದಿಂದ ಆ ಹಾರ್ನ್ ಕೇಳಿದ್ದೇನೆ. ಅವತ್ತು ಮಾತ್ರ ಮಷೀನಿನ ಮೇಲಿದ್ದ ಕಾಲು ತಾನಾಗಿ ನಿಂತಿತು. ಎದ್ದು ಬಾಗಿಲಿಗೆ ಬಂದು ಇಳಿಯುವವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದೆ. ಎಲ್ಲರೂ ಇಳಿದರು. ಬಸ್ಸು ತಿರುಗಿಕೊಂಡು ಹೋಯಿತು. ಆಗ ನನಗೆ ಎಂಥಾ ನಿರಾಸೆಯಾಯಿತೆಂದರೆ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಯಾರು ಬರಬೇಕಾಗಿತ್ತು? ನನಗೆ ಗೊತ್ತಿರಲಿಲ್ಲ. ಯಾರನ್ನೋ ಕಾಯುತ್ತಿದ್ದೇನೆ ಎಂಬುದಷ್ಟೇ ಗೊತ್ತಿತ್ತು.

ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ಹಾಸ್ಟೆಲಿನಲ್ಲಿರುವ ಮಗಳ ನೆನಪಿರಬೇಕು ಎಂದುಕೊಂಡು ಅವಳಿಗೆ ಹೇಳಿ ಕಳಿಸಿದೆ. ಶನಿವಾರ ಅವಳು ಅದೇ ಬಸ್ಸಿಗೆ ಬಂದಳು, ನನ್ನ ಕೊರಳಿಗೆ ಬಿದ್ದಳು. ನಾನು ಅವಳ ಹೆಗಲಾಚೆಗೆ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದೆ. "ಯವ್ವಾ, ನಾ ಬಂದೀನಿ. ಇನ್ನ್ಯಾರನ್ನ ನೋಡಾಕತ್ತೀದಿ?" ಎಂದಳು. ನನಗೆ ನಾಚಿಕೆಯಾಯಿತು. ಇನ್ನೊಂದು ವಿಚಿತ್ರ ಗಮನಕ್ಕೆ ಬಂತು. ಇಳಿಯುವವರ ಮುಖವನ್ನು ನಾನು ನೋಡುತ್ತಲೇ ಇರಲಿಲ್ಲ. ಕಣ್ಣು ಅವರ ಸೊಂಟದ ಮಟ್ಟದಲ್ಲಿ ಹುಡುಕುತ್ತಿತ್ತು. ಸಣ್ಣ ಮಕ್ಕಳು ಇಳಿದರೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಪಂಚಾಯ್ತಿ ಕಚೇರಿಯ ಗೋಡೆಗೆ ಒಂದು ಕರಿಹಲಗೆ ಇದೆ. ಬೇರೆಯವರದು ಸಿಕ್ಕಿದವರು ಅಲ್ಲಿ ಬರೆಯುತ್ತಾರೆ. ಎಡಭುಜದ ಉಳುಕು ಸಿಕ್ಕಿದೆ, ಹುಳಿತೇಗು ಸಿಕ್ಕಿದೆ, ಹೀಗೆ. ನಾನೂ ಸೀಮೆಸುಣ್ಣ ತೆಗೆದುಕೊಂಡು ಬರೆದೆ: "ಯಾರನ್ನೋ ಕಾಯುವುದು ಸಿಕ್ಕಿದೆ. ಸಂಜೆ ಬಸ್ಸಿಗೆ ಬರುತ್ತದೆ. ಬಿಟ್ಟವರು ಟೇಲರ್ ಕಸ್ತೂರಿಯನ್ನು ಕಾಣಬೇಕು." ಮೂರು ದಿನದಲ್ಲಿ ಇಬ್ಬರು ಬಂದರು. ಒಬ್ಬ ತನ್ನ ಕಳೆದುಹೋದ ಎಮ್ಮೆಯನ್ನು ಕಾಯುತ್ತಿದ್ದವನು. ಎಮ್ಮೆ ಬಸ್ಸಿನಲ್ಲಿ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಯೋಚಿಸಿ ಹೊರಟುಹೋದ. ಇನ್ನೊಬ್ಬಳು, ತನ್ನದು ಮುಂಜಾನೆಯ ಬಸ್ಸಿನದು, ಇದಲ್ಲ ಎಂದಳು.

ನಾಲ್ಕನೆಯ ದಿನ ಗುರುಪಾದ ಕಚೇರಿಯ ಮುಂದೆ ಹಾಯ್ದು ಬಂದ. ಅವನು ಊರಿನ ಸ್ಟೋವು, ಪಂಪು, ಗಿರಣಿಗಳ ರಿಪೇರಿ ಮಾಡುತ್ತಾನೆ, ಮಾತು ಕಡಿಮೆ. ಅವತ್ತು ಊಟಕ್ಕೆ ಕೂತವನು ರೊಟ್ಟಿ ಮುರಿಯಲಿಲ್ಲ.

"ಊರಿಗೆಲ್ಲಾ ಬರದ ಹಾಕೀದಿ. ನನಗ ಹೇಳಿಲ್ಲ" ಎಂದ.

"ಏನಂತ ಹೇಳಲಿ? ನನಗ ಗೊತ್ತಿಲ್ಲದ್ದು ನಿನಗ ಹ್ಯಾಂಗ ಹೇಳಲಿ?"

"ಸಂಜಿ ಆತಂದ್ರ ನಿನ್ನ ಮಾರಿ ಬ್ಯಾರೆ ಆಗತೈತಿ. ನಾ ಮಾತಾಡ್ಸಿದ್ರ ನಿನಗ ಕೇಳೂದಿಲ್ಲ. ಎಂಟ ದಿನದಿಂದ ನೋಡಾಕತ್ತೀನಿ. ಖರೇ ಹೇಳು, ಯಾರನ್ನ ಕಾಯಾಕತ್ತಿ?"

"ನಂದಲ್ಲೋ ಅದು" ಎಂದೆ. ಹಾಗೆ ಹೇಳುವಾಗ ನನಗೇ ಅನುಮಾನವಾಯಿತು. ಎದೆ ನನ್ನದು, ಕಾಲು ನನ್ನದು, ಬರುವ ಕಣ್ಣೀರೂ ನನ್ನದು. ಅದು ನನ್ನದಲ್ಲ ಎಂದು ನನಗಾದರೂ ಏನು ಗ್ಯಾರಂಟಿ? ಯಾರನ್ನೋ ಕಾಯುತ್ತಿದ್ದು, ಯಾರೆಂಬುದನ್ನು ಮಾತ್ರ ಮರೆತಿದ್ದೇನೆಯೇ? ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಕೈ ತೊಳೆದುಕೊಂಡು ಎದ್ದುಹೋದ. ಎರಡು ದಿನ ನಮ್ಮ ನಡುವೆ ಮಾತಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನೇ ಅಂಗಡಿಗೆ ಬಂದ, ಕೈಗೆಲ್ಲ ಎಣ್ಣೆ. ಊರ ಕೆಳಬಾಗಿಲ ಹತ್ತಿರ ಹುಸೇನಬಿಯ ಹಿಟ್ಟಿನ ಗಿರಣಿಯಿದೆ. ಬಸ್ಸು ಮೊದಲು ಅಲ್ಲಿ ನಿಂತು ಆಮೇಲೆ ನಿಲ್ದಾಣಕ್ಕೆ ಬರುತ್ತದೆ. ಅವನು ನಿನ್ನೆ ಸಂಜೆಯಿಂದ ಅಲ್ಲಿ ಬೆಲ್ಟಿನ ಕೆಲಸ ಮಾಡಿ ಬಂದಿದ್ದ. "ಕಸ್ತೂರಿ, ಒಂದು ಮಾತು" ಎಂದ. "ಹುಸೇನಬಿ ಸಂಜಿ ಬಸ್ಸಿಗೆ ದಿನಾ ಗಿರಣಿ ಬಂದ್ ಮಾಡಿ ಬಾಗಲದಾಗ ನಿಂದ್ರತಿದ್ಳು. ನಾ ಎಷ್ಟೋ ವರ್ಷ ನೋಡೀನಿ. ಮಂದಿ ಬೈತಿದ್ರು, ಆಕಿ ಕೇಳ್ತಿದ್ದಿಲ್ಲ. ನಿನ್ನೆ ಬಸ್ ಬಂತು. ಆಕಿ ತಲೀನೂ ಎತ್ತಲಿಲ್ಲ. ಜ್ವಾಳ ಸುರುವಿಕೋತ ಹಾಡಾಕತ್ತಿದ್ಳು."

ನನಗೆ ಅಳು ಬಂತು. ಅವನು ಎಣ್ಣೆಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದ. "ನಾ ಸುಮ್ನ ಸಂಶೆ ಪಟ್ಟೆ" ಎಂದ. "ಇರಲಿ, ನನಗೂ ಬಂದಿತ್ತು" ಎಂದೆ.

ಹುಸೇನಬಿಯ ವಯಸ್ಸು ನಲವತ್ತೆಂಟು. ಹುಬ್ಬು, ರೆಪ್ಪೆಯ ಮೇಲೆಲ್ಲ ಸದಾ ಹಿಟ್ಟು. ನಾನು ಹೋದಾಗ ಗಿರಣಿ ಆಗಷ್ಟೇ ನಿಂತಿತ್ತು, ಕಿವಿಯೊಳಗೆ ಅದರ ಸದ್ದು ಇನ್ನೂ ಇತ್ತು. "ಹುಸೇನಕ್ಕ, ನಿಮ್ಮದೊಂದು ನನ್ನ ಹತ್ರ ಐತಿ" ಎಂದೆ. ಅವಳು ನನ್ನನ್ನು ಹಿಟ್ಟಿನ ಚೀಲದ ಮೇಲೆ ಕೂರಿಸಿದಳು.

"ನಿನಗ ಸಿಕ್ತೇನು?" ಎಂದಳು. "ಭಾಳ ತ್ರಾಸ ಕೊಡತೈತಿ?"

"ಯಾರ ಅದು?"

"ನಮ್ಮ ತಮ್ಮ. ದಾವಲ. ಒಂಬತ್ತು ವರ್ಷದಾಂವ. ಅವ್ವ ಸತ್ತ ಮ್ಯಾಲ ನಾನ ಬೆಳೆಸಿದ್ದೆ. ಮಾಮಾನ ಊರಾಗ ಸಾಲಿ ಚೊಲೋ ಐತಿ ಅಂತ ನಾನ ಬಸ್ಸಿಗೆ ಹತ್ತಿಸಿದೆ. ತಗಡಿನ ಟ್ರಂಕು, ನೀಲಿ ಚಡ್ಡಿ. ಸಾಲಿ ಸೂಟಿ ಬಿಟ್ಟಾಗ ಬಾ ಅಂದೆ. ಸೂಟಿ ಬಂತು, ಅಂವ ಬರಲಿಲ್ಲ. ಮಾಮಾ ಆ ಊರ ಬಿಟ್ಟಿದ್ದ. ಮೂವತ್ತೊಂದು ವರ್ಷ ಆತು."

ಅದನ್ನೆಲ್ಲ ಅವಳು ಬೇರೆ ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು. ಟ್ರಂಕು ಎಂದಾಗ ನಾನು ಬಾಗಿಲಾಚೆ ಬಸ್ಸಿನ ರಸ್ತೆಯನ್ನು ನೋಡಿದೆ. "ಮತ್ತ ಯಾಕ ಬಿಟ್ರಿ?" ಎಂದೆ.

ಅವಳಿಗೆ ಸ್ವಲ್ಪ ಸಂಕೋಚವಾಯಿತು. ಪಕ್ಕದ ಸೀಮೆಯ ಇಮಾಮಸಾಬ, ಹೆಂಡತಿ ತೀರಿಕೊಂಡವನು, ಒಳ್ಳೆಯ ಮನುಷ್ಯ. ಎರಡು ವರ್ಷದಿಂದ ಮದುವೆಗೆ ಕೇಳುತ್ತಿದ್ದಾನೆ. "ನಂಗೂ ಮನಸೈತಿ. ಆದ್ರ ಊರ ಬಿಟ್ಟು ಹೋಗಾಕ ಕಾಲ ಏಳತಿದ್ದಿಲ್ಲ. ನಾ ಹೋದ ದಿನಾನ ಅಂವ ಬಂದ್ರ? ಎಷ್ಟ ದಿನ ಅಂತ ಹಿಂಗ? ಹೋಗಿ ನೀರಾಗ ಕುಂತೆ. ಎದ್ದ ಮ್ಯಾಲ ಅಂವ ನೆನಪ ಅದಾನ, ಕಾಯೂದು ಇಲ್ಲ. ಬರೂ ತಿಂಗಳ ನಿಖಾ. ನೀನ ನನ್ನ ಜಂಪರ ಹೊಲದ ಕೊಡಬೇಕು."

"ತಿರುಗಿ ತಗೋರಿ ಅಂತ ಕೇಳಾಕ ಬಂದಿದ್ದೆ" ಎಂದೆ.

"ಬ್ಯಾಡವ್ವ" ಎಂದು ನನ್ನ ಕೈ ಹಿಡಿದಳು. "ನಿನಗ ಬ್ಯಾಡಾದ್ರ ನೀರಿಗೆ ಬಿಡು. ಇನ್ನ ಯಾರರ ತಗೋತಾರ."

ಮಾರನೆಯ ದಿನ ಬಿಡುವುದೆಂದೇ ಹೊರಟೆ. ಗುಡ್ಡದ ಬುಡದವರೆಗೂ ಹೋದೆ. ಬಿಸಿಲಿಗೆ ಮೆಟ್ಟಿಲುಗಳ ಬಣ್ಣ ಕಣ್ಣು ಕುಕ್ಕುತ್ತಿತ್ತು, ಹಳದಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ ನೀರು ತೆಳ್ಳಗೆ ಇಳಿಯುತ್ತಿತ್ತು. ಚಾಪೆಯ ಆಚೆ ಯಾರೋ ಇದ್ದರು, ನನ್ನ ಸರದಿಗೆ ಕಾಯಬೇಕಿತ್ತು. ಅಷ್ಟರಲ್ಲಿ ಮೂರೂವರೆಯಾಯಿತು. ಈಗ ನೀರಿಗಿಳಿದರೆ ಬಸ್ಸಿನ ಹೊತ್ತಿಗೆ ಅಂಗಡಿಯಲ್ಲಿರುವುದಿಲ್ಲವಲ್ಲ ಎಂಬ ಗಾಬರಿ ಹುಟ್ಟಿ, ಯಾವುದನ್ನು ಬಿಡಲು ಹೋಗಿದ್ದೆನೋ ಅದರ ಸಲುವಾಗಿಯೇ ಓಡುತ್ತ ವಾಪಸು ಬಂದೆ. ನಾನು ಮಾಡುತ್ತಿರುವುದು ತಿಳಿಗೇಡಿತನ ಎಂದು ಗೊತ್ತಿತ್ತು. ಆದರೆ ಆ ಹುಡುಗನನ್ನು ಹೆತ್ತವಳಿಲ್ಲ, ಬೆಳೆಸಿದವಳು ಬಿಟ್ಟಳು, ಈಗ ಇಡೀ ಲೋಕದಲ್ಲಿ ಅವನನ್ನು ಕಾಯುವವಳು ನಾನೊಬ್ಬಳೇ ಎಂಬ ಯೋಚನೆ ತಲೆಯಿಂದ ಹೋಗಲಿಲ್ಲ. ಗುರುಪಾದ ಅದಕ್ಕೆ ಹೊಂದಿಕೊಂಡ. ನಾಲ್ಕೂಕಾಲಿಗೆ ಅವನೂ ಅಂಗಡಿಗೆ ಬಂದು ನನ್ನ ಪಕ್ಕ ನಿಲ್ಲತೊಡಗಿದ. ಬಸ್ಸು ಹೋದ ಮೇಲೆ, "ನಾಳಿಗೆ ಬರಬಹುದು" ಎನ್ನುತ್ತಿದ್ದ.

ನಿಖಾಕ್ಕೆ ಹದಿನಾಲ್ಕು ದಿನ ಉಳಿದಿತ್ತು. ನಾಲ್ಕು ಗಂಟೆಯ ಸುಮಾರಿಗೆ ಒಬ್ಬ ಅಂಗಡಿಗೆ ಬಂದ. ನಲವತ್ತರ ಆಸುಪಾಸು, ಸ್ವಲ್ಪ ಬೊಜ್ಜು, ಧೂಳು ಹಿಡಿದ ಪ್ಯಾಂಟು. ಭುಜದ ಚೀಲದ ಪಟ್ಟಿ ಹರಿದಿತ್ತು, ಹೊಲಿದು ಕೊಡುತ್ತೀರಾ ಎಂದು ಕೇಳಿದ. ಮುಂಜಾನೆಯೇ ಗುಡ್ಡದ ಆಚೆ ಕಡೆಯಿಂದ ನಡೆದು ಬಂದು ಗುಡ್ಡವೆಲ್ಲ ಸುತ್ತಿದನಂತೆ. ಸ್ಟೂಲಿನ ಮೇಲೆ ಕೂತು, ತಾನು ದೂರದ ಊರಿನಲ್ಲಿ ಹೋಟೆಲಿನ ಅಡಿಗೆಯವನು ಎಂದೆಲ್ಲ ಹೇಳತೊಡಗಿದ. ನಾನು ಪಟ್ಟಿಗೆ ಸೂಜಿ ಇಟ್ಟಿದ್ದೆ. ಹಾರ್ನ್ ಕೇಳಿಸಿತು. ಅವನ ಮಾತನ್ನು ಅರ್ಧಕ್ಕೆ ಬಿಟ್ಟು ಬಾಗಿಲಿಗೆ ಓಡಿದೆ. ಗುರುಪಾದ ಅವತ್ತು ಪರವೂರಿಗೆ ಹೋಗಿದ್ದ. ಸೊಂಟದ ಮಟ್ಟದಲ್ಲಿ ಹುಡುಕಿದೆ. ಒಬ್ಬ ಸಾಲಿ ಹುಡುಗ ಇಳಿದ, ಎದೆ ಎದ್ದು ನಿಂತಿತು, ಅವನ ಹಿಂದೆ ಅವನ ತಾಯಿ ಇಳಿದಳು. ಬಸ್ಸು ತಿರುಗಿತು.

"ಯಾರರ ಬರೂರದಾರೇನ್ರಿ?" ಹಿಂದಿನಿಂದ ಅವನು ಕೇಳಿದ.

"ಹೌದ್ರಿ" ಎಂದೆ, ಕಣ್ಣೊರೆಸಿಕೊಂಡು ಮಷೀನಿಗೆ ಬಂದು ಕೂತೆ. "ಇವತ್ತ ಬರಲಿಲ್ಲ."

"ಇಲ್ಲೆ ಒಂದು ಹಿಟ್ಟಿನ ಗಿರಣಿ ಇತ್ತಲ್ರಿ" ಎಂದ ಅವನು. "ಹಿಂದ ಎರಡು ಹುಣಸಿ ಗಿಡ. ಐತೋ ಹೋತೋ? ನಾ ಭಾಳ ಸಣ್ಣಾವಿದ್ದಾಗ ಈ ಊರ ಬಿಟ್ಟೀನಿ. ಊರಿನ ಹೆಸರ ಮರತಿದ್ದೆ. ಬಣ್ಣದ ಪಾವಟಿಗಿ ಇರೂ ಊರು ಅಂದ್ರ ಯಾರಿಗೂ ತಿಳೀತಿದ್ದಿಲ್ಲ, ನಗತಿದ್ರು. ಹೋದ ತಿಂಗಳ ನಮ್ಮ ಹೋಟೆಲಿಗೆ ಒಬ್ಬ ಊಟಕ್ಕ ಬಂದ. ಬೆನ್ನ ಹಿಡಕೊಂಡಿದ್ದ. ಏನಾಗೇತ್ರಿ ಅಂದ್ರ, ಈ ಬ್ಯಾನಿ ನಂದಲ್ಲಪಾ, ಬ್ಯಾರೆದವರದು ಅಂದ. ಹಿಡದ ಕುಂದರಿಸಿ ಊರಿನ ದಾರಿ ಕೇಳಿದೆ."

ಮಷೀನಿನ ಚಕ್ರ ತಾನೇ ಎರಡು ಸುತ್ತು ತಿರುಗಿ ನಿಂತಿತು. "ನಿಮ್ಮ ಹೆಸರ ಏನ್ರಿ?" ಎಂದೆ.

"ದಾವಲಸಾಬ ಅಂತಾರ್ರಿ. ನಮ್ಮಕ್ಕ ದಾವಲ್ಯಾ ಅಂತಿದ್ಳು."

ಆಮೇಲೆ ಏನಾಯಿತೆಂಬುದನ್ನು ಕ್ರಮವಾಗಿ ಹೇಳಲು ನನಗೆ ಆಗುವುದಿಲ್ಲ. ಎದ್ದೆ. ಸ್ಟೂಲು ಬಿತ್ತು. ಅವನ ಎರಡೂ ತೋಳು ಹಿಡಿದು ಅಲುಗಾಡಿಸಿದೆ. "ಎಲ್ಲಿ ಹಾಳಾಗಿದ್ದಿ? ಎಲ್ಲಿದ್ದಿ ಇಷ್ಟ ದಿನ?" ಎಂದು ಕಿರುಚಿದೆನಂತೆ, ಪಕ್ಕದ ಚಹಾದಂಗಡಿಯವರು ಆಮೇಲೆ ಹೇಳಿದರು. ಅವನ ಮುಖ ಹಿಡಿದು, ಅವನ ಎದೆಗೆ ಹಣೆ ಹಚ್ಚಿ ಅತ್ತೆ. ಪಾಪ, ಅವನಿಗೆ ನಾನು ಯಾರೆಂದೇ ಗೊತ್ತಿಲ್ಲ. ಆದರೂ ತಪ್ಪಿಸಿಕೊಳ್ಳಲಿಲ್ಲ. "ಅಕ್ಕಾ?" ಎಂದ, ಸಣ್ಣ ದನಿಯಲ್ಲಿ. ಅಲ್ಲ ಎಂದು ತಲೆಯಾಡಿಸಿದೆ. ಅವನು ಇನ್ನೂ ಗೊಂದಲಗೊಂಡ. ನಾನು ಅವನ ಕೈ ಹಿಡಿದುಕೊಂಡೇ ಗಿರಣಿಗೆ ಕರೆದೊಯ್ದೆ. ದಾರಿಯಲ್ಲಿ ನನ್ನ ಉಸಿರು ಸರಿಹೋಯಿತು. ಅಳು ನಿಂತಿತು. ಮೈ ಎಷ್ಟು ಹಗುರವಾಗಿತ್ತೆಂದರೆ ಜ್ವರ ಬಿಟ್ಟ ಹಾಗಿತ್ತು. ಅದರ ಅರ್ಥ ಆಗ ನನಗೆ ಹೊಳೆಯಲಿಲ್ಲ.

ಹುಸೇನಬಿ ಜೋಳ ಸುರಿಯುತ್ತಿದ್ದಳು. "ಯಾರ ಬಂದಾರ ನೋಡ್ರಿ" ಎಂದೆ. ಅವಳು ಗಿರಣಿ ನಿಲ್ಲಿಸಿ ಹತ್ತಿರ ಬಂದು ಅವನ ತಲೆ ಬಗ್ಗಿಸಿ ಎಡಗಿವಿಯ ಹಿಂದೆ ನೋಡಿದಳು. ಅಲ್ಲಿ ಹಳೆಯ ಗಾಯದ ಗೆರೆಯಿತ್ತು.

"ಹೌದು" ಎಂದಳು. "ದಾವಲ್ಯಾನ ಅದಾನ. ಬಾಪಾ, ಕುಂದ್ರು. ಊಟ ಆಗೇತೋ ಇಲ್ಲೋ?"

ಜೋಳ ಬೀಸಲು ಬಂದವರನ್ನೂ ಅವಳು ಹಾಗೆಯೇ ಮಾತಾಡಿಸುತ್ತಾಳೆ. ದಾವಲ ನಿಂತೇ ಇದ್ದ. ಕೈ ಮುಂದೆ ಚಾಚಿದ್ದವನು ಮೆಲ್ಲಗೆ ಕೆಳಗಿಳಿಸಿದ.

"ಅಕ್ಕಾ, ನನ್ನ ಮ್ಯಾಲ ಸಿಟ್ಟೈತೇನ?"

"ಇಲ್ಲಪಾ. ಸಿಟ್ಟ ಯಾಕ?"

"ಮತ್ತ…"

ಅವಳು ಒಳಗೆ ಹೋಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ಅವನು ತಿನ್ನುವುದನ್ನು ನೋಡುತ್ತ ಕೂತಳು. ಹೆಂಡತಿಯ ಹೆಸರು ಕೇಳಿದಳು, ಮಕ್ಕಳೆಷ್ಟು ಎಂದು ಕೇಳಿದಳು. ಅವನು ಹೇಳುತ್ತ ಹೇಳುತ್ತ ಬಿಕ್ಕಿದ, ತುತ್ತು ಸಿಕ್ಕಿಕೊಂಡಿತು. ಅವಳು ನೀರಿನ ತಂಬಿಗೆ ಅವನ ಕಡೆ ಸರಿಸಿದಳು, ಅಷ್ಟೆ. ಅವನು ಕೈ ತೊಳೆಯಲು ಹೊರಗೆ ಹೋದಾಗ ನನ್ನ ರಟ್ಟೆ ಹಿಡಿದು ಎಳೆದಳು. ಅವಳ ಮುಖದ ಮೇಲೆ ಹಿಟ್ಟಿನಡಿಯಲ್ಲೂ ಭಯ ಕಾಣುತ್ತಿತ್ತು.

"ಕಸ್ತೂರಿ, ನಂಗ ಏನೂ ಅನಸವಲ್ದು. ನನ್ನ ತಮ್ಮ ಬಂದಾನ, ನಂಗ ಗೊತ್ತೈತಿ, ಆದ್ರ ಏನೂ ಅನಸವಲ್ದು. ಅಂವ ಅಳಾಕತ್ತಾನ, ನಾ ಅವನ ಅಂಗಿ ಗುಂಡಿ ಎಣಸಾಕತ್ತೀನಿ. ಕೊಡವ್ವ. ನಂದು ನಂಗ ಕೊಡು."

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಬಾಳಕ್ಕ ಬೆನ್ನು ತಿರುಗಿಸಿ ಕೂತಳು. ಕಾಯಿದೆಯ ಪ್ರಕಾರ ನಾನು ಮೊದಲು ಇಳಿದೆ. ಆ ನೀರಿಗೆ ನಾವು ಇಂಥದೇ ತೆಗೆದುಕೋ ಎಂದು ಹೇಳಲಾಗುವುದಿಲ್ಲ. ಮನಸ್ಸಿನ ಮೇಲೆ ಏನು ತೇಲುತ್ತಿರುತ್ತದೋ ಅದನ್ನು ಎತ್ತಿಕೊಳ್ಳುತ್ತದೆ. ನಾನು ಆ ಕಾಯುವುದನ್ನು ಮೇಲೆ ತರಲು ಒಳಗೆಲ್ಲ ತಡಕಾಡಿದೆ. ಬಸ್ಸನ್ನು ನೆನೆದೆ, ಟ್ರಂಕನ್ನು ನೆನೆದೆ. ಏನೂ ಏಳಲಿಲ್ಲ. ಎದ್ದು ಬಂದೆ, ನನ್ನ ಜೊತೆ ಯಾರದೋ ಹಾಡಿನ ಅರ್ಧ ಸಾಲು ಬಂದಿತ್ತು. ತಕ್ಷಣ ಹುಸೇನಬಿ ಇಳಿದಳು. ಬಹಳ ಹೊತ್ತು ಕೂತಳು. ಹಬೆಯಲ್ಲಿ ಅವಳ ಹುಬ್ಬಿನ ಹಿಟ್ಟು ತೊಳೆದುಹೋಗಿ ಮುಖ ಹೊಸದಾಗಿ ಕಾಣುತ್ತಿತ್ತು.

"ಏನರ ಸಿಕ್ತೇನು?" ಎಂದು ಕೇಳಿದೆ.

ಅವಳು ಸೀರೆಯ ಸೆರಗು ಹಿಂಡುತ್ತ ಮುಖ ಗಂಟಿಕ್ಕಿದಳು. "ಎದಿ ಹೊಡಕೊಳ್ಳಾಕತ್ತೈತಿ" ಎಂದಳು. "ಯಾರದೋ ಜಂಪರ ಹೊಲಿಯೂದು ಉಳದೈತಿ, ದಿನ ಹತ್ರ ಬಂತು, ತೋಳ ಇನ್ನೂ ಕೂಡಿಸಿಲ್ಲ ಅಂತ."

ಅದು ನನ್ನ ಚಿಂತೆ. ಅವಳದೇ ಜಂಪರು. ನನಗೆ ನಗು ಬಂತು, ಅವಳಿಗೂ ಬಂತು. ಆಗ ನನಗೆ ಅರ್ಥವಾಯಿತು. ಹೇಳದೆ ಉಪಾಯವಿರಲಿಲ್ಲ.

"ಅದು ಮುಗದಹೋತು ಹುಸೇನಕ್ಕ. ನಿನ್ನೆ ಅಂವ ಹೆಸರ ಹೇಳಿದ ಕೂಡ್ಲೆ ನನ್ನೊಳಗ ಒಮ್ಮೆಲೆ ಮುಗೀತು. ಈಗ ನನ್ನ ಹತ್ರ ಕೊಡಾಕ ಏನೂ ಇಲ್ಲ. ನಿಮ್ಮ ಪಾಲಿಂದು ನಾ ಉಂಡಬಿಟ್ಟೆ."

ಅವಳು ಕೆಂಪು ಅಂಚಿನ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ತಪ್ಪು ನನ್ನದೋ, ಬಿಟ್ಟವಳದೋ, ನೀರಿನದೋ ಎಂದು ನನಗೆ ಇವತ್ತಿಗೂ ಬಗೆಹರಿದಿಲ್ಲ. ಅವಳು ನೀರನ್ನೇ ನೋಡುತ್ತ, "ಹ್ಯಾಂಗಿತ್ತು?" ಎಂದಳು.

"ಏನು?"

"ಅಂವ ಬಂದಾಗ. ಹ್ಯಾಂಗಿತ್ತು ಹೇಳು."

ನಾನು ಹೇಳಲು ನೋಡಿದೆ. "ಮೊದಲ ಸಿಟ್ಟ ಬಂತು. ಹೊಡೀಬೇಕನಿಸ್ತು. ಆಮ್ಯಾಲ ಕುತ್ತಿಗಿ ನರ ಎಲ್ಲಾ ಸಡ್ಲಾದು, ಅಲ್ಲೀತನ ಬಿಗದಿದ್ದು ಗೊತ್ತ ಇದ್ದಿಲ್ಲ. ಆಮ್ಯಾಲ ಅವನ ಕಾಲಾಗ ಚಪ್ಪಲಿ ಸರಿ ಅದಾವೋ ಇಲ್ಲೋ ನೋಡಬೇಕನಿಸ್ತು. ಅಷ್ಟ ಅಳೂದ್ರಾಗೂ ಬಗ್ಗಿ ನೋಡಿದೆ."

"ಸರಿ ಇದ್ದೂ?"

"ಒಂದರ ಉಂಗುಟ ಹರದಿತ್ತು."

ಹುಸೇನಬಿ ತಲೆಯಾಡಿಸಿದಳು. "ಹೌದು, ಹಂಗ ಇದ್ದಿರಬೇಕು" ಎಂದಳು. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ. ಮನೆಗೆ ಹೋಗುವಾಗ ಚಮ್ಮಾರರ ಓಣಿಯಲ್ಲಿ ನಿಂತು, ತಮ್ಮನ ಕಾಲಿನ ಅಳತೆ ಗೊತ್ತಿಲ್ಲದೆ, ಒಂದು ಜೊತೆ ಅಂದಾಜಿಗೆ ತೆಗೆದುಕೊಂಡಳು. ಅದು ಅವನಿಗೆ ದೊಡ್ಡದಾಯಿತು.

ದಾವಲನಿಗೆ ನಾವು ಎಲ್ಲವನ್ನೂ ಹೇಳಿದೆವು. ಅವನಿಗೆ ಎಷ್ಟು ತಿಳಿಯಿತೋ ಕಾಣೆ. ಮುಂಜಾನೆಯ ಬಸ್ಸಿ‌ಗೇ ಹೊರಟಿದ್ದವನು, ಗುರುಪಾದ ಬಹಳ ಹೇಳಿದ ಮೇಲೆ, ನಿಖಾ ಮುಗಿಸಿ ಹೋಗುತ್ತೇನೆಂದು ಉಳಿದ. ಆ ದಿನಗಳಲ್ಲಿ ಅಕ್ಕತಮ್ಮಂದಿರು ಹೊಸದಾಗಿ ಪರಿಚಯವಾದ ನೆರೆಯವರ ಹಾಗೆ ಇದ್ದರು. ಅವನು ಚೀಲ ಎತ್ತಿ ಕೊಡುತ್ತಿದ್ದ, ಅವಳು ಹಿಟ್ಟು ಜಾಡಿಸಿ ಜಾಗ ಮಾಡುತ್ತಿದ್ದಳು. ಇಬ್ಬರೂ ಬಹುವಚನ ಒಂದು ಬಿಟ್ಟು ಉಳಿದೆಲ್ಲ ಮರ್ಯಾದೆ ಕೊಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಲಾರದೆ ನಾನು ಬೇಗ ಎದ್ದು ಬರುತ್ತಿದ್ದೆ. ನನಗಾದರೋ ಅವನ ಮೇಲೆ ಈಗ ವಿಶೇಷವಾದ ಏನೂ ಉಳಿದಿರಲಿಲ್ಲ. ಎದುರಿಗೆ ಬಂದರೆ ಅವನು ನನ್ನನ್ನೇ ಆಸೆಯಿಂದ ನೋಡುತ್ತಿದ್ದ, ನಾನು ಮುಖ ತಪ್ಪಿಸುತ್ತಿದ್ದೆ.

ನಿಖಾದ ಅಡುಗೆಗೆ ಅವನೇ ನಿಂತ. ಬಿರಿಯಾನಿಯ ಹಂಡೆಯಿಂದ ಹುಸೇನಬಿ ಒಂದು ಚಮಚೆ ರುಚಿ ನೋಡಿ, ಉಗುಳಿ, ಚಪ್ಪರದಲ್ಲಿದ್ದವರೆಲ್ಲ ತಿರುಗಿ ನೋಡುವಂತೆ, "ಇಷ್ಟ ಉಪ್ಪ ಹಾಕತಾರೇನೋ ಕತ್ತೇ? ನಿನ್ನ ಹೋಟೆಲಿಗೆ ಯಾರ ಬರ್ತಾರೋ?" ಎಂದು ಕೂಗಿದಳು. ದಾವಲ ಸವುಟು ಹಿಡಿದು ಒಂದು ಕ್ಷಣ ಅಲ್ಲಾಡದೆ ನಿಂತ. ಆಮೇಲೆ ಅವನ ಮುಖ ಅರಳಿತು. "ನಿಂಗ ಗೊತ್ತಿಲ್ಲ ಸುಮ್ನಿರು, ಅಕ್ಕಿ ಎಳಕೋತೈತಿ" ಎಂದು ತಿರುಗಿ ಕೂಗಿದ. ಹಂಡೆ ಇಳಿಯುವ ತನಕ ಅವರ ಜಗಳ ನಡೆಯಿತು. ಅವಳು ನಾನು ಹೊಲಿದ ಜಂಪರು ತೊಟ್ಟಿದ್ದಳು. ಬೆವರಿಗೆ ತೋಳು ಒದ್ದೆಯಾಗಿತ್ತು.

ಎರಡು ದಿನದ ನಂತರ ದಾವಲ ಹೊರಟ. ಇಮಾಮಸಾಬ ಕೂಡ ಹೆಂಡತಿಯನ್ನು ಕರೆದುಕೊಂಡು ಹೋಗಲು ಗಾಡಿ ಹೂಡಿಸಿಕೊಂಡು ಬಂದಿದ್ದ. ನರೆತ ಗಡ್ಡದ, ಮೆತ್ತಗಿನ ದನಿಯ ಮನುಷ್ಯ. ಎಲ್ಲರೂ ನನ್ನ ಅಂಗಡಿಯ ಮುಂದೆ ನಿಂತಿದ್ದೆವು. ಬಸ್ಸು ಬಂತು, ದಾವಲ ಹತ್ತಿದ, ಕಿಟಕಿಯಿಂದ ತಲೆ ಹೊರಗೆ ಹಾಕಿ, "ಮೊಹರಮ್ ಹಬ್ಬಕ್ಕ ಹೆಂಡರು ಮಕ್ಕಳನ್ನ ಕರಕೊಂಡು ಬರ್ತೀನಿ ಅಕ್ಕಾ. ನಿನ್ನ ಗಂಡನ ಊರಿಗೇ ಬರ್ತೀನಿ" ಎಂದ.

"ಬಂದ್ರ ಬಾ" ಎಂದಳು ಹುಸೇನಬಿ, ಮುಖದಲ್ಲಿ ಏನೂ ಇಲ್ಲದೆ.

ಬಸ್ಸು ತಿರುವು ದಾಟಿತು. ಧೂಳು ಇಳಿಯಿತು. ಇಮಾಮಸಾಬ ಗಾಡಿಯಲ್ಲಿ ಹಾಸಿದ ಜಮಖಾನೆ ಸರಿಮಾಡಿ ಕರೆದ. ಅವಳು ಕದಲಲಿಲ್ಲ. ಹೋದ ದಾರಿಯ ಕಡೆಗೇ ನೋಡುತ್ತ ನಿಂತಿದ್ದಳು, ಕೈ ಎದೆಯ ಮೇಲೆ, ಅಲ್ಲಿ ಏನೋ ಚುಚ್ಚಿದ ಹಾಗೆ. ಅವಳು ಕಷ್ಟಪಟ್ಟು ಬಿಟ್ಟುಬಂದದ್ದು ಮತ್ತೆ ಶುರುವಾಯಿತೇ, ನಾನು ಅವಳನ್ನು ನೀರಿಗೆ ಕರೆದೊಯ್ಯಬೇಕೋ, ಸುಮ್ಮನಿರಬೇಕೋ ನನಗೆ ತಿಳಿಯಲಿಲ್ಲ. ಗುರುಪಾದನ ಕಡೆ ನೋಡಿದೆ. ಅವನೂ ನನ್ನ ಕಡೆಯೇ ನೋಡುತ್ತಿದ್ದ.

"ಮೊಹರಮ್ ಇನ್ನ ಎಷ್ಟ ದಿನಕ್ಕ ಬರತೈತ್ರಿ?" ಎಂದು ಅವಳು ಗಂಡನನ್ನು ಕೇಳಿದಳು.

"ನಾಕ ತಿಂಗಳ ಐತಿ" ಎಂದ ಇಮಾಮಸಾಬ.

"ನಿಮ್ಮ ಮನಿಯಿಂದ ಬಸ್ ನಿಂದ್ರೂ ಜಾಗ ಕಾಣತೈತೇನ್ರಿ?"

"ಇಲ್ಲಲ್ಲ, ನಡೂವ ಬೇವಿನ ಗಿಡ ಅದಾವ. ಮಾಳಿಗಿ ಹತ್ತಿದ್ರ ಕಾಣಬಹುದು. ಯಾಕ?"

ಹುಸೇನಬಿ ಗಾಡಿ ಹತ್ತಿ ಕೂತಳು, ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಹತ್ತಾಕ ನಿಚ್ಚಣಿಕಿ ಐತೇನು ಮನ್ಯಾಗ?" ಎಂದಳು.